ಸಭೆ ಸೇರುವ ಸ್ಥಳ

ಹುಲಗೂರೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಹಜರೇಶ ಖಾದರಿಯ ದರ್ಗಾ. ಅದರ ಹಿಂದೆಯೇ, ಆ ಗುರುವಿನಲ್ಲಿ ಭಕ್ತಿಯಿಟ್ಟಿದ್ದ ಮನೆಯಲ್ಲಿ ಹುಟ್ಟಿದ ಶಿಶುನಾಳ ಶರೀಫರು. ಇಂದು ನಾವು ಆ ಸೀಮೆಯನ್ನು ಬೇರೊಂದು ಕಾರಣದಿಂದ ನೆನೆಯಬೇಕಾಗಿದೆ. ಪ್ರಜಾಪ್ರತಿನಿಧಿಗಳು ತಮ್ಮ ನಿಲುವನ್ನು ಎಲ್ಲಿ ನಿಂತು ಹೇಳಬೇಕು ಎಂಬ ಪ್ರಶ್ನೆಗೆ ದೇಶದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಉತ್ತರದೊಡನೆ ಅಲ್ಲಿಯವರೊಬ್ಬರ ಹೆಸರು ಬೆರೆತುಹೋಗಿದೆ. ಶಿಗ್ಗಾಂವಿ ಸವಣೂರುಗಳ ಸೀಮೆಯ ಕಾರಡಗಿಯಲ್ಲಿ ಹುಟ್ಟಿ, 1988ರ ಆಗಸ್ಟಿನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದ ಎಸ್. ಆರ್. ಬೊಮ್ಮಾಯಿಯವರೇ ಅವರು.

ನಮ್ಮ ಹಳ್ಳಿಗಳಲ್ಲಿ ಮನೆಯೊಳಗೆ ಆಡಿದ ಮಾತಿಗೂ ಚಾವಡಿಯಲ್ಲಿ ಆಡಿದ ಮಾತಿಗೂ ಭೇದವುಂಟು. ಮನೆಯಲ್ಲಿ ಒಪ್ಪಿಕೊಂಡವನು ಮರುದಿನ ಇಲ್ಲವೆನ್ನಬಹುದು. ನಾಲ್ಕು ಜನರ ಮುಂದೆ ಒಪ್ಪಿಕೊಂಡವನಿಗೆ ಅದು ಸುಲಭವಲ್ಲ. ಕೇಳುತ್ತ ಕುಳಿತ ಜನರೇ ಅಲ್ಲಿ ಮಾತಿಗೆ ಬೆಲೆಯನ್ನು ತರುವವರು. ಚಾವಡಿಯ ಈ ನೀತಿಯು 1989ರ ಏಪ್ರಿಲಿನಲ್ಲಿ ರಾಜಧಾನಿಗೆ ಮರೆತುಹೋಯಿತು.

ಆಗ ಆಡಳಿತಪಕ್ಷವನ್ನು ಬಿಟ್ಟ ಶಾಸಕರೊಬ್ಬರು ಹತ್ತೊಂಬತ್ತು ಮಂದಿ ಸದಸ್ಯರ ಪತ್ರಗಳನ್ನು ರಾಜ್ಯಪಾಲರಿಗೆ ಒಪ್ಪಿಸಿದರು. ಮಂತ್ರಿಮಂಡಲಕ್ಕೆ ಇನ್ನು ನಮ್ಮ ಬೆಂಬಲವಿಲ್ಲ ಎಂಬುದು ಪತ್ರಗಳ ಸಾರಾಂಶ. 19ನೆಯ ತಾರೀಖು ರಾಜ್ಯಪಾಲರ ವರದಿ ರಾಷ್ಟ್ರಪತಿಗಳಿಗೆ ಹೋಯಿತು. ಮರುದಿನ ಅದೇ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ರುಜುಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿತ್ತೆಂದೂ ತಾವು ಮಂತ್ರಿಮಂಡಲದ ಕಡೆಯೇ ಇರುವೆವೆಂದೂ ಬರೆದರು. ಬೇಕಾದರೆ ವಿಧಾನಸಭೆಯನ್ನು ಮುಂಚಿತವಾಗಿ ಸೇರಿಸಿ ಅಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಮುಖ್ಯಮಂತ್ರಿಗಳು ಹೇಳಿದರು. ಸಭೆ ಸೇರಲಿಲ್ಲ. 21ನೆಯ ತಾರೀಖು ರಾಷ್ಟ್ರಪತಿ ಆಳ್ವಿಕೆ ಘೋಷಿತವಾಗಿ, ವಿಧಾನಸಭೆಯೇ ವಿಸರ್ಜಿತವಾಯಿತು.

ಆ ಸದಸ್ಯರು ನಿಜವಾಗಿ ಯಾವ ಕಡೆಗಿದ್ದರು? ಎದ್ದು ನಿಂತು ಹೇಳುವ ಅವಕಾಶವೇ ಅವರಿಗೆ ದೊರೆಯದಿದ್ದುದರಿಂದ, ಅವರನ್ನು ಆರಿಸಿ ಕಳುಹಿಸಿದ ಮತದಾರನಿಗೂ ಅದು ತಿಳಿಯದೆ ಹೋಯಿತು. ಈ ಅನ್ಯಾಯವು ಒಬ್ಬ ಮುಖ್ಯಮಂತ್ರಿಗೆ ಆದುದಕ್ಕಿಂತ ಹೆಚ್ಚಾಗಿ ಆ ಮತದಾರನಿಗೆ ಆದುದೆಂದು ನಾವು ಭಾವಿಸುತ್ತೇವೆ.

1994ರ ಮಾರ್ಚ್ 11ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ತೀರ್ಪಿತ್ತಿತು. ಮಂತ್ರಿಮಂಡಲದ ಬಲವನ್ನು ಅಳೆಯತಕ್ಕ ಸ್ಥಳವು ಸದನದ ಅಂಗಳವೇ ಹೊರತು ರಾಜ್ಯಪಾಲರ ಸ್ವಂತ ಅಭಿಪ್ರಾಯವಲ್ಲವೆಂದು ಅದು ಸಾರಿತು. ಕರ್ನಾಟಕದಲ್ಲಿ ನಡೆದುದು ಸಂವಿಧಾನಕ್ಕೆ ವಿರುದ್ಧವೆಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು ವರ್ಷಗಳಾಗಿದ್ದವು. ಬೊಮ್ಮಾಯಿಯವರಿಗೆ ಪದವಿಯೇನೂ ಮರಳಿ ಬರಲಿಲ್ಲ. ಆದರೆ ಅವರ ಮೊಕದ್ದಮೆಯ ಫಲವು ದೇಶದ ಎಲ್ಲ ವಿಧಾನಸಭೆಗಳಿಗೂ ದಕ್ಕಿತು.

ಮತದಾರನಿಗೆ ಗುಟ್ಟಿನ ಮತವನ್ನು ಕೊಟ್ಟ ಮೇಲೆ ಪ್ರತಿನಿಧಿಗೇಕೆ ಕೊಡಬಾರದು ಎಂದು ಯಾರಾದರೂ ಕೇಳಬಹುದು. ಇಬ್ಬರ ಸ್ಥಿತಿಯೂ ಒಂದೇ ಅಲ್ಲ. ಮತದಾರನು ತನ್ನ ಸ್ವಂತದ್ದನ್ನು ಕೊಡುತ್ತಾನೆ; ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಪ್ರತಿನಿಧಿಯ ಕೈಯಲ್ಲಿರುವುದಾದರೋ ಪರರು ನಂಬಿ ಇಟ್ಟ ಒಡವೆ. ಅದನ್ನು ಕತ್ತಲೆಯಲ್ಲಿ ವೆಚ್ಚಮಾಡುವ ಅಧಿಕಾರ ಅವನಿಗಿಲ್ಲ.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆನ್ನಲಾಗದು. 2019ರ ಜುಲೈಯಲ್ಲಿ ನಮ್ಮ ವಿಧಾನಸಭೆಯು ದಿನಗಟ್ಟಲೆ ವಿಶ್ವಾಸಮತವನ್ನು ಚರ್ಚಿಸುತ್ತಿದ್ದಾಗ, ರಾಜೀನಾಮೆ ಕೊಟ್ಟಿದ್ದ ಹಲವರು ಮುಂಬಯಿಯ ಹೋಟೆಲಿನಲ್ಲಿದ್ದರು. 23ನೆಯ ತಾರೀಖು 99 ಮತಗಳು ಸರ್ಕಾರದ ಪರವಾಗಿಯೂ 105 ವಿರೋಧವಾಗಿಯೂ ಬಿದ್ದವು. ಲೆಕ್ಕವನ್ನೇನೋ ನಾಡೆಲ್ಲವೂ ಮನೆಯಲ್ಲೇ ಕುಳಿತು ಕಂಡಿತು. ಆದರೆ ಲೆಕ್ಕ ಹಾಗಾಗಲು ಕಾರಣವಾದವರು ಸದನದಲ್ಲಿ ಇರಲಿಲ್ಲ. ಪ್ರಶ್ನೆಗೆ ಎದುರಾಗಿ ನಿಂತು ಉತ್ತರ ಕೊಡಲೂ ಇಲ್ಲ. ತೀರ್ಮಾನದೊಡನೆ ಅದರ ಕಾರಣವೂ ಬಯಲಿಗೆ ಬಂದಾಗಲೇ ಚಾವಡಿಯ ನ್ಯಾಯ ಪೂರ್ಣವಾದಂತೆ.

ಧಾರವಾಡ ಸೀಮೆಯವರಿಗೆ ಒಂದು ಕಾಲದಲ್ಲಿ ಶಾಸನಸಭೆಯೆಂದರೆ ದೂರದ ಮುಂಬಯಿ. 1956ರಲ್ಲಿ ನಾಡು ಒಂದಾಗಿ ಅದು ಬೆಂಗಳೂರಾಯಿತು. 2012ರಲ್ಲಿ ಬೆಳಗಾವಿಯಲ್ಲಿಯೂ ಸುವರ್ಣ ವಿಧಾನಸೌಧ ತೆರೆಯಿತು. ಸಭೆ ಹತ್ತಿರ ಬಂದುದು ಸಂತೋಷವೇ. ಆದರೆ ಕಲ್ಲಿನ ಕಟ್ಟಡವು ಎಷ್ಟು ಹತ್ತಿರ ಬಂದರೂ, ನಿಶ್ಚಯವೆಲ್ಲ ಮುಚ್ಚಿದ ಕೋಣೆಯಲ್ಲಿ ಮುಗಿದು ಸದನಕ್ಕೆ ಬರಿಯ ಕೈಯೆತ್ತುವ ಕೆಲಸ ಉಳಿದರೆ, ಆ ಸಭೆ ಪ್ರಜೆಗೆ ಮುಂಬಯಿಗಿಂತಲೂ ದೂರ.

ಈ ವಿಷಯದಲ್ಲಿ ನಮ್ಮ ಪಾಲೂ ಒಂದುಂಟು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ನಮ್ಮ ಪಂಚಾಯತಿ ಕಾಯಿದೆ ವಿಧಿಸಿದೆ. ಅಲ್ಲಿ ಪ್ರತಿನಿಧಿಗಳಷ್ಟೇ ಅಲ್ಲ, ಮತದಾರರೆಲ್ಲರೂ ಸದಸ್ಯರು. ಹುಲಗೂರಿನಂತಹ ಊರಿನಲ್ಲಿ ಆ ಸಭೆಗೆ ನೂರು ಜನ ಬಂದು ಕೇಳುತ್ತ ಕುಳಿತರೆ, ಲೆಕ್ಕ ಓದುವವನ ದನಿಯೇ ಬದಲಾಗುತ್ತದೆ. ಯಾರೂ ಬಾರದಿದ್ದರೆ, ಬಾಗಿಲು ತೆರೆದಿದ್ದರೂ ಅದು ಮುಚ್ಚಿದ ಕೋಣೆಯೇ. ತೆರೆದ ಬಾಗಿಲನ್ನು ಕಾನೂನು ಕೊಡಬಲ್ಲುದು. ಒಳಗೆ ಹೋಗಿ ಕುಳಿತುಕೊಳ್ಳಬೇಕಾದವರು ನಾವು.