ಕೊಪ್ಪಳ ಸೀಮೆಯ ಹಾಲಿಗೆ ದರ ಬಂದ ಕಥೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಹಾಲಿಗೆ ಲೀಟರಿನ ಲೆಕ್ಕದ ದರ ಬಂದು ಬಹಳ ತಲೆಮಾರುಗಳೇನೂ ಆಗಿಲ್ಲ. ಮೊದಲು ಇಲ್ಲಿ ಮಾರಾಟಕ್ಕೆ ಹೋಗುತ್ತಿದ್ದುದು ಬೆಣ್ಣೆ ಮತ್ತು ತುಪ್ಪ. ಹಾಲು ಮಾರಿದರೆ ಮನೆಯ ಲಕ್ಷ್ಮಿಯನ್ನೇ ಹೊರಗೆ ಕಳಿಸಿದಂತೆ ಎಂದು ಹಿರಿಯರು ಅಂಜುತ್ತಿದ್ದರು. ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆ ಓಣಿಯವರಿಗೆ ಪುಕ್ಕಟೆ. ತುಪ್ಪ ವಾರದ ಸಂತೆಗೆ. ಅದರ ದರ ಕೊಳ್ಳುವವನ ಎದುರಿಗೇ ಚೌಕಾಸಿಯಲ್ಲಿ ತೀರುತ್ತಿತ್ತು. ಸರಿಬರದಿದ್ದರೆ ಮಾರುವ ತಾಯಿ ಗಡಿಗೆ ಎತ್ತಿಕೊಂಡು ಮನೆಗೆ ಹೊರಡಬಹುದಿತ್ತು. ಮುಂದಿನ ಸಂತೆಯವರೆಗೂ ತುಪ್ಪ ಕೆಡುವುದಿಲ್ಲ. ಹಾಲು ಹಾಗಲ್ಲ. ಕರೆದ ಕೆಲವೇ ತಾಸಿನಲ್ಲಿ ಅದು ಯಾರದಾದರೂ ಕೈ ಸೇರಬೇಕು. ಈ ಅವಸರ ಯಾರಿಗೆ ಅನುಕೂಲವಾಯಿತು ಎಂದು ನೋಡುತ್ತ ಹೋದರೆ ಹಾಲಿನ ದರದ ಇತಿಹಾಸ ತಾನಾಗಿ ಬಿಚ್ಚಿಕೊಳ್ಳುತ್ತದೆ.

1948ರವರೆಗೆ ಈ ನೆಲ ನಿಜಾಮನ ಆಳ್ವಿಕೆಯಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು, ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಬತ್ತದ ಸೀಮೆ ಮಾಡಿತು. ಅಲ್ಲಿ ಹುಲ್ಲಿಗೂ ಅಕ್ಕಿ ಗಿರಣಿಯ ತೌಡಿಗೂ ಕೊರತೆಯಿಲ್ಲ. ಕುಷ್ಟಗಿ, ಯಲಬುರ್ಗಾ ಮಾತ್ರ ಇಂದಿಗೂ ಬಹುಪಾಲು ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಭೂಮಿ. ಜೋಳದ ಕಣಿಕೆ, ಶೇಂಗಾ ಹೊಟ್ಟು, ಕಡ್ಲಿ ಹೊಟ್ಟು ಇದ್ದರೆ ದನಕ್ಕೆ ಮೇವು, ಇಲ್ಲದಿದ್ದರೆ ಕೊಂಡು ತರಬೇಕು. ಒಂದೇ ಜಿಲ್ಲೆಯೊಳಗೆ ಒಂದು ಲೀಟರ್ ಹಾಲಿಗೆ ತಗಲುವ ಖರ್ಚು ಎರಡು ಬಗೆ. ದರದ ಪಟ್ಟಿ ಮಾತ್ರ ಒಂದೇ.

ಈ ಪಟ್ಟಿ ಮಾಡುವ ಸಹಕಾರಿ ವ್ಯವಸ್ಥೆಯ ಮೂಲ ನೋಡಲು ಗುಜರಾತಿನ ಖೇಡಾ ಜಿಲ್ಲೆಗೆ ಹೋಗೋಣ. 1945ರಲ್ಲಿ ಮುಂಬಯಿ ಸರ್ಕಾರ ನಗರಕ್ಕೆ ಹಾಲು ತರಿಸುವ ಯೋಜನೆ ಮಾಡಿ, ಖೇಡಾದ ಹಾಲನ್ನು ಕೊಳ್ಳುವ ಏಕಸ್ವಾಮ್ಯವನ್ನು ಪೋಲ್ಸನ್ ಎಂಬ ಖಾಸಗಿ ಡೇರಿಗೆ ಕೊಟ್ಟಿತು. ನಗರದವರು ತೆತ್ತ ಹಣಕ್ಕೂ ರೈತರ ಕೈಗೆ ಬಂದ ಹಣಕ್ಕೂ ತಾಳೆಯೇ ಇರಲಿಲ್ಲ. ರೈತರು ಸರ್ದಾರ್ ಪಟೇಲರ ಬಳಿ ಹೋದರು. 1946ರ ಜನವರಿ 4ರಂದು ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ ಸಮರಖಾ ಗ್ರಾಮದಲ್ಲಿ ಸಭೆ ಸೇರಿತು. ಹದಿನೈದು ದಿನ ಒಂದು ಹನಿ ಹಾಲನ್ನೂ ಕೊಡದೆ ರೈತರು ಗಟ್ಟಿಯಾಗಿ ನಿಂತರು. ಅದೇ ವರ್ಷ ಡಿಸೆಂಬರ್ 14ರಂದು ತ್ರಿಭುವನದಾಸ್ ಪಟೇಲರ ನಾಯಕತ್ವದ ಸಹಕಾರಿ ಒಕ್ಕೂಟ ನೋಂದಣಿಯಾಯಿತು. ಮುಂದೆ ವರ್ಗೀಸ್ ಕುರಿಯನ್ ಬಂದರು, ಅಮುಲ್ ಬಂತು. ದೇಶದ ಸಹಕಾರಿ ಹೈನುಗಾರಿಕೆಗೆ ಮೂಲವಾದದ್ದು ದರಕ್ಕಾಗಿ ನಡೆದ ಒಂದು ಮುಷ್ಕರ. ಡೇರಿಗೆ ಹಾಲು ಹಾಕುವ ನಮ್ಮ ಎಷ್ಟೋ ಜನರಿಗೆ ಈ ಸಂಗತಿಯನ್ನು ಯಾರೂ ಹೇಳಿಲ್ಲ.

1964ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಮುಲ್ ನೆಲೆಯಾದ ಆಣಂದಕ್ಕೆ ಹೋಗಿ, ಹತ್ತಿರದ ಅಜರಪುರ ಹಳ್ಳಿಯಲ್ಲಿ ಒಂದು ರಾತ್ರಿ ತಂಗಿ, ರೈತರ ಜೊತೆ ಮಾತಾಡಿ ಬಂದರು. ಮರುವರ್ಷ, 1965ರಲ್ಲಿ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು. ಅದೇ 1965ರಲ್ಲಿ ಕೃಷಿ ಬೆಲೆಗಳ ಆಯೋಗವೂ ಹುಟ್ಟಿತು. ಬತ್ತ, ಗೋಧಿ, ಜೋಳ ಆಯೋಗದ ಪಾಲಿಗೆ ಬಂದವು. ಬೆಳೆಯುವ ಖರ್ಚು ಲೆಕ್ಕಹಾಕಿ ಬೆಂಬಲ ಬೆಲೆ ಶಿಫಾರಸು ಮಾಡುವುದು ಅದರ ಕೆಲಸ. ಹಾಲು ಆ ಪಟ್ಟಿಗೆ ಸೇರಲಿಲ್ಲ. ಸಹಕಾರ ಸಂಘದಲ್ಲಿ ರೈತನೇ ಮಾಲೀಕ, ಮಾಲೀಕನ ಸರಕಿಗೆ ಇನ್ನೊಬ್ಬರು ಬೆಂಬಲ ಬೆಲೆ ಕಟ್ಟುವುದೇಕೆ ಎಂಬ ನಂಬಿಕೆ ಆ ಕಾಲದ್ದು. ನಂಬಿಕೆ ದೊಡ್ಡದೇ. ಆದರೆ ಯಲಬುರ್ಗಾದ ಯಾವುದೋ ಹಳ್ಳಿಯಲ್ಲಿ ಬೆಳಗಿನ ಐದಕ್ಕೆದ್ದು ಸಗಣಿ ಬಾಚಿ ಎಮ್ಮೆ ಹಿಂಡುವ ಹೆಣ್ಣುಮಗಳಿಗೆ ತಾನೊಬ್ಬ ಮಾಲೀಕಳು ಎಂಬ ಅನುಭವ ಎಂದಾದರೂ ಆಗಿದೆಯೇ? ಎಷ್ಟೋ ಮನೆಗಳಲ್ಲಿ ಸಂಘದ ಷೇರು ಆಕೆಯ ಹೆಸರಿನಲ್ಲೂ ಇಲ್ಲ.

ಕರ್ನಾಟಕದ ಮೊದಲ ಹಾಲು ಸಹಕಾರ ಸಂಘ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಆರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಬಂತು. ಆ ಯೋಜನೆ ಮೊದಲು ಹೋದದ್ದು ದಕ್ಷಿಣದ ಎಂಟು ಜಿಲ್ಲೆಗಳಿಗೆ. ನಮ್ಮ ಸರದಿ ಬಂದದ್ದು ಆಮೇಲೆ, ರಾಷ್ಟ್ರೀಯ ಮಂಡಳಿಯ ಹಾಲಿನ ಯೋಜನೆಯಾದ ಆಪರೇಷನ್ ಫ್ಲಡ್‌ನ ಮುಂದಿನ ಹಂತಗಳಲ್ಲಿ. 1984ರಲ್ಲಿ ನಿಗಮ ಹೋಗಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ನಮ್ಮ ಹಾಲು ಸೇರುವ ಒಕ್ಕೂಟದ ಕೇಂದ್ರ ಬಳ್ಳಾರಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರನ್ನೂ ಕೂಡಿಸಿ ರಾಬಕೊ ಎನ್ನುತ್ತಿದ್ದ ಜನ ಈಗ ವಿಜಯನಗರವನ್ನೂ ಸೇರಿಸಿ ರಾಬಕೊವಿ ಅನ್ನುತ್ತಾರೆ.

ತಡವಾಗಿ ಬಂದದ್ದರ ಬೆಲೆಯನ್ನು ಇಂದಿಗೂ ತೆರುತ್ತಿದ್ದೇವೆ. ಖರೀದಿ ದರವನ್ನು ಆಯಾ ಒಕ್ಕೂಟವೇ ಗೊತ್ತುಮಾಡುತ್ತದೆ. ಮೊಸರು, ಪ್ಯಾಕೆಟ್ ಹಾಲು ಕೈತುಂಬ ಮಾರುವ ಒಕ್ಕೂಟಕ್ಕೆ ರೈತನಿಗೆ ಕೊಡಲು ಶಕ್ತಿ ಇರುತ್ತದೆ. ಬೆಂಗಳೂರಿನ ಮಗ್ಗುಲಲ್ಲಿರುವವರಿಗೆ ಆ ನಗರವೇ ಮಾರುಕಟ್ಟೆ. ನಮ್ಮ ಸೀಮೆಯ ಊರುಗಳಲ್ಲಿ ಇನ್ನೂ ಬಹಳ ಮನೆಗಳಿಗೆ ರತೀಬು ಹಾಕುವವರ ಹಾಲೇ ಬೇಕು. 2002ರಲ್ಲಿ, ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾ ಎರಡನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ರಸ್ತೆ, ಶಾಲೆ, ಆಸ್ಪತ್ರೆಗಳ ಮಾತು ಬಂದಾಗ ನಾವು ಆ ವರದಿಯನ್ನು ನೆನೆಯುತ್ತೇವೆ. ಹಾಲಿನ ಬಟವಾಡೆ ನೋಡಿದಾಗಲೂ ಅದನ್ನು ನೆನೆಯಬೇಕು.

ಈಗ ಡಿಗ್ರಿಯ, ಅಂದರೆ ಹಾಲಿನ ಗುಣಮಟ್ಟದ ಅಳತೆಯ ವಿಷಯ. ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕೇಳಿ, ದರಕ್ಕಿಂತ ಮೊದಲು ಬರುವ ಮಾತು ಇದೇ: "ಡಿಗ್ರೀನ ಬರವಲ್ದರೀ." ಹಾಲಿನ ಕೊಬ್ಬನ್ನು ಅಳೆಯುವ ವಿಧಾನವನ್ನು 1891ರಲ್ಲಿ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಕಂಡುಹಿಡಿದ. ಗಾಜಿನ ನಳಿಕೆಗೆ ಗಂಧಕಾಮ್ಲ ಹಾಕಿ, ಹಾಲು ಹಾಕಿ, ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಮೇಲೆ ನಿಲ್ಲುತ್ತದೆ. ಎಮ್ಮೆ ಹಾಲಿಗೂ ಆಕಳ ಹಾಲಿಗೂ ಒಂದೇ ಬೆಲೆ ಕೊಡುವ ಅನ್ಯಾಯ ಇದರಿಂದ ತಪ್ಪಿತು, ನೀರು ಬೆರೆಸುವವರಿಗೆ ಲಗಾಮು ಬಿತ್ತು. ಅಷ್ಟು ಒಳ್ಳೆಯದನ್ನು ಒಪ್ಪಲೇಬೇಕು. ಈಗ ಯಂತ್ರದ ಪರದೆಯ ಮೇಲೆ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಕ್ಷಣದಲ್ಲಿ ಮೂಡುತ್ತವೆ. ಆಕಳ ಹಾಲಿಗೆ ಸಾಮಾನ್ಯ ಗುಣಮಟ್ಟ 3.5 ಫ್ಯಾಟು, 8.5 ಎಸ್‌ಎನ್‌ಎಫ್. ಇದಕ್ಕಿಂತ ಕೆಳಗಿಳಿದರೆ ದರವೂ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಎಚ್‌ಎಫ್ ಎಂಬ ವಿದೇಶಿ ಮಿಶ್ರತಳಿಯ ಆಕಳು ಮೇವು ಬಿಡುತ್ತದೆ, ಹಾಲು ಕಡಿಮೆಯಾಗುತ್ತದೆ, ಇದ್ದ ಹಾಲಿನ ಸತ್ವವೂ ಕುಗ್ಗುತ್ತದೆ. ಹಿಂಡಿಗೆ ಹೆಚ್ಚು ಖರ್ಚು ಮಾಡಿದ ತಿಂಗಳಲ್ಲೇ ಕಡಿಮೆ ಡಿಗ್ರಿ, ಕಡಿಮೆ ದರ. ಈ ಬಿಸಿಲಿಗೆ ಒಗ್ಗುವ ದನ ಯಾವುದು ಎಂದು ಯೋಚಿಸದೆ ಮಿಶ್ರತಳಿಯನ್ನು ಹಂಚಿದವರು ಬೇರೆ, ಅದರ ದಂಡ ಕಟ್ಟುವವರು ಬೇರೆ.

ಹಳ್ಳಿಯ ಲೆಕ್ಕ ಹೊರದೇಶಕ್ಕೂ ಗಂಟು ಬಿದ್ದಿದೆ. ಮಾರಿ ಉಳಿದ ಹಾಲನ್ನು ಒಕ್ಕೂಟಗಳು ಪುಡಿ ಮಾಡಿಸುತ್ತವೆ. 2015ರ ಮಾರ್ಚ್ ಕೊನೆಗೆ ಯುರೋಪ್ ಒಕ್ಕೂಟ ಹಾಲಿನ ಉತ್ಪಾದನೆಯ ಮಿತಿಯನ್ನು ಕೈಬಿಟ್ಟಿತು, ಹಾಲಿನ ಪುಡಿಯ ಬೆಲೆ ಜಗತ್ತಿನಾದ್ಯಂತ ಕುಸಿಯಿತು. ಅದರ ಬಿಸಿ ಇಲ್ಲಿಗೂ ತಟ್ಟಿ, 2018ರ ಜುಲೈನಲ್ಲಿ ಮಹಾರಾಷ್ಟ್ರದ ರೈತರು ರಸ್ತೆಗೆ ಹಾಲು ಸುರಿದರು. ನಮ್ಮಲ್ಲಿ 2013ರ ಆಗಸ್ಟ್‌ನಿಂದಲೇ ಕ್ಷೀರಭಾಗ್ಯ ಇತ್ತು. ಶಾಲೆಯ ಮಕ್ಕಳಿಗೆ ಹಾಲು ಕೊಡುವ ಆ ಯೋಜನೆ ಪುಡಿಯ ದಾಸ್ತಾನಿಗೂ ದಾರಿ ಮಾಡಿತು. ಮಗುವಿಗೂ ರೈತನಿಗೂ ಒಟ್ಟಿಗೆ ಉಪಕಾರವಾದ ಇಂಥ ಯೋಜನೆ ನನಗೆ ಇನ್ನೊಂದು ಕಾಣದು.

ದರ ಸಾಲದೆ ಬಂದಾಗ ಸರ್ಕಾರ ಪ್ರೋತ್ಸಾಹಧನ ಕೊಟ್ಟಿತು. 2008ರಲ್ಲಿ ಲೀಟರಿಗೆ 2 ರೂಪಾಯಿ, 2013ರಲ್ಲಿ 4, ಆಮೇಲೆ 5. ಹಣ ನೇರ ಖಾತೆಗೆ ಬರುತ್ತದೆ, ಆದರೆ ಎಷ್ಟೋ ಸಲ ತಿಂಗಳುಗಟ್ಟಲೆ ಬಾಕಿ. ಹಿಂಡಿ ಅಂಗಡಿಯವನು ಅಷ್ಟು ದಿನ ಕಾಯುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು, ಕಣಿಕೆಯ ಬೆಲೆ ಗಗನಕ್ಕೇರಿತು. ಆ ಬರದ ಗಾಯ ಮಾಯುವ ಮೊದಲೇ, 2024ರ ಜೂನ್‌ನಲ್ಲಿ ಮಹಾಮಂಡಳಿಯ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹಾಲು ಹೆಚ್ಚಾಗಿ ಸೇರಿಸಿ 2 ರೂಪಾಯಿ ಏರಿಸಿದರು. ರಾಜ್ಯದಲ್ಲಿ ಆಗ ಹಾಲಿನ ಸಂಗ್ರಹ ದಿನಕ್ಕೆ 1 ಕೋಟಿ ಲೀಟರ್ ಮುಟ್ಟಿತ್ತು. ಆ ಸಂಭ್ರಮದ ದಿನಗಳಲ್ಲೇ ನಮ್ಮ ಒಕ್ಕೂಟ ಖರೀದಿ ದರದಲ್ಲಿ ಲೀಟರಿಗೆ ಒಂದೂವರೆ ರೂಪಾಯಿ ಇಳಿಸಿತು. ಹಾಲು ಹೆಚ್ಚಾದರೆ ಪುಡಿ ಮಾಡಿ ನಷ್ಟ ಅನುಭವಿಸುತ್ತೇವೆ ಎಂಬುದು ಒಕ್ಕೂಟಗಳ ವಾದ, ಅದು ಸುಳ್ಳಲ್ಲ. ಆದರೆ ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ತಿಂಗಳಿಗೆ 450 ರೂಪಾಯಿ ಹೋಯಿತು. ಹಾಲು ಹೆಚ್ಚಿಸಿ ಎಂದು ಊರೂರಿಗೆ ಬಂದು ಹೇಳಿದವರು, ಹೆಚ್ಚಿದ ಮೇಲೆ ಅದರ ನಷ್ಟವನ್ನು ಹೆಚ್ಚಿಸಿದವರ ತಲೆಗೇ ಕಟ್ಟುವುದು ನ್ಯಾಯವಲ್ಲ. 2025ರ ಏಪ್ರಿಲ್ 1ರಿಂದ ಮಾರಾಟ ದರ ಲೀಟರಿಗೆ 4 ರೂಪಾಯಿ ಏರಿತು, ಅಷ್ಟೂ ರೈತರಿಗೇ ಎಂದು ಸರ್ಕಾರ ಹೇಳಿತು. ಏರಿದ್ದಕ್ಕೆ ಸಂತೋಷ. ಏರುವುದೂ ಇಳಿಯುವುದೂ ಯಾವ ಲೆಕ್ಕದ ಮೇಲೆ ಎಂಬುದು ಮಾತ್ರ ಹಾಲು ಹಾಕುವವರಿಗೆ ಇನ್ನೂ ತಿಳಿದಿಲ್ಲ.

ಗಂಗಾವತಿಯ ರೈತನ ಬತ್ತಕ್ಕೆ 2025–26ರಲ್ಲಿ ಕ್ವಿಂಟಲಿಗೆ 2,369 ರೂಪಾಯಿ ಬೆಂಬಲ ಬೆಲೆ ಇತ್ತು. ಮಾರುಕಟ್ಟೆಯಲ್ಲಿ ಅದು ಸಿಗದಿದ್ದಾಗ ಜಗಳ ತೆಗೆಯಲು ಅವನ ಕೈಯಲ್ಲಿ ಒಂದು ಅಂಕಿಯಾದರೂ ಇದೆ. ಅದೇ ಬತ್ತದ ಹುಲ್ಲು ತಿಂದ ಎಮ್ಮೆಯ ಹಾಲಿಗೆ ಅಂಥ ಅಂಕಿ ಇಲ್ಲ. ಹಿಂಡಿ, ಮೇವು, ಔಷಧ, ದನದ ಸಾಲದ ಬಡ್ಡಿ, ಮನೆಯ ಹೆಂಗಸರ ಮೈಮುರಿ ದುಡಿಮೆಯ ಕೂಲಿ, ಇಷ್ಟನ್ನೂ ತಾಲ್ಲೂಕುವಾರು ಸೇರಿಸಿ ಉತ್ಪಾದನಾ ವೆಚ್ಚವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕು, ಖರೀದಿ ದರ ಅದಕ್ಕಿಂತ ಕೆಳಗೆ ಇಳಿಯಕೂಡದು.

ಹಳ್ಳಿಯ ಸಂಘಗಳ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಲೆಕ್ಕಪತ್ರ ಓದುತ್ತಾರೆ, ಕೈ ಎತ್ತುತ್ತೇವೆ, ಚಹಾ ಕುಡಿದು ಬರುತ್ತೇವೆ. ಈ ಸಲ ಹಾಲು ಹಿಂಡುವ ಹೆಣ್ಣುಮಕ್ಕಳೂ ಸದಸ್ಯರಾಗಿ ಅಲ್ಲಿ ಕೂರಲಿ. ನಮ್ಮೂರಿನಲ್ಲಿ ಒಂದು ಲೀಟರಿಗೆ ಎಷ್ಟು ಖರ್ಚು ಬಿತ್ತು ಎಂಬುದನ್ನು ಠರಾವಿನಲ್ಲಿ ಬರೆಸಿ, ಓದಿಸಿ, ನಕಲನ್ನು ಬಳ್ಳಾರಿಗೆ ಕಳಿಸಿ.