ಕಡಲಿಲ್ಲದ ಊರಿನಲ್ಲಿ ಹವಳ ಸಾಕಿದವರು



ಬಿಟಿಎಂ ಲೇಔಟ್‌ನಿಂದ ಮಂಗಳೂರಿನ ಕಡಲಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಚೆನ್ನೈ ಕಡೆ ಹೊರಟರೂ ದೂರ ಹೆಚ್ಚು ಕಡಿಮೆ ಅಷ್ಟೇ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿಂದ ಹೆಸರು ಪಡೆದ ಈ ಬಡಾವಣೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಎಂದರೆ ಮಡಿವಾಳ ಕೆರೆ, ಕಾವೇರಿ ನಲ್ಲಿ, ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಇಂಥ ಊರಿನ ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಫಿಶ್ ಸಾಕುವವರಿದ್ದಾರೆ. ಕಡಲಿನ ಒಂದು ತುಣುಕನ್ನು ಒಣನೆಲದ ಮನೆಯೊಳಗೆ ಬದುಕಿಸಿಕೊಳ್ಳುವ ಈ ವಿದ್ಯೆಗೆ ಸುಮಾರು 180 ವರ್ಷಗಳ ಇತಿಹಾಸವಿದೆ. ಬಹಳ ಸುಂದರವಾದ ಇತಿಹಾಸ, ನಡುನಡುವೆ ಸಂಕಟಪಡಿಸುವಂಥದ್ದು.

ಹವಳವೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕರಿಮಣಿ ಸರದ ನಡುವಿನ ಕೆಂಪು ಮಣಿ, ಕುಜನಿಗೆಂದು ಬೆರಳಿಗೆ ತೊಡುವ ಉಂಗುರ. ಅದು ಪ್ರಾಣಿಯೊಂದು ಕಟ್ಟಿದ ಗೂಡು ಎಂದು ಯುರೋಪಿನ ವಿದ್ವಾಂಸರು ಒಪ್ಪಿದ್ದು ಹದಿನೆಂಟನೆಯ ಶತಮಾನದಲ್ಲಿ. ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ 1720ರ ದಶಕದಲ್ಲೇ ಇದನ್ನು ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಹೂವಿನಂತೆ ಅರಳುವುದನ್ನು ಗಿಡವೆಂದೇ ನಂಬಿದ್ದ ಕಾಲ ಅದು.

ಅಲ್ಲಿಂದ ನೂರಿಪ್ಪತ್ತು ವರ್ಷ ದಾಟಿ 1846ಕ್ಕೆ ಬರೋಣ. ಈ ಕಥೆಯ ನಾಯಕಿ ಅಲ್ಲಿದ್ದಾಳೆ.

ಆಕೆಯ ಹೆಸರು ಆನ್ನಾ ಥಿನ್. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಪಾದ್ರಿಯೊಬ್ಬರ ಹೆಂಡತಿ, ತುಂಬಿದ ಮನೆಯ ತಾಯಿ. ಕಲ್ಲು, ಪಳೆಯುಳಿಕೆಗಳ ಮೇಲೆ ಆಕೆಗೆ ವಿಪರೀತ ಆಸಕ್ತಿ. ಆ ವರ್ಷ ದಕ್ಷಿಣ ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿಗೆ ಹೋದಾಗ, ಬಂಡೆಗಳ ಸಂದಿನಲ್ಲಿ ಬೆಳೆಯುವ ಪುಟ್ಟ ಕಲ್ಲುಹವಳಗಳನ್ನು ಕಂಡು ಮರುಳಾದಳು. ಲಂಡನ್ನಿಗೆ ಒಯ್ಯಬೇಕೆಂದು ಹಟ ಹಿಡಿದಳು. ಒಯ್ಯುವುದು ಹೇಗೆ? ಕಲ್ಲಿನ ಜಾಡಿಯಲ್ಲಿ ಕಡಲನೀರು ತುಂಬಿದಳು. ದಾರಿಯಲ್ಲಿ ಅವು ಉರುಳಾಡಿ ಜಜ್ಜಿಹೋಗಬಾರದಲ್ಲ? ಸೂಜಿ ದಾರ ತೆಗೆದುಕೊಂಡು ಹವಳಗಳನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದಳು! ಸುತ್ತ ನೀರು ಆಡುತ್ತಿತ್ತು, ಹವಳ ಅಲುಗುತ್ತಿರಲಿಲ್ಲ.

ಲಂಡನ್ನಿಗೆ ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ನಿಂತ ನೀರು ಕೆಡುತ್ತದೆ. ಮೊದಮೊದಲು ಕರಾವಳಿಯಿಂದ ಕಡಲನೀರು ತರಿಸಿ ಬದಲಿಸುತ್ತಿದ್ದಳು. ಅದು ಸಾಲದಾದಾಗ ಹೊಸ ಉಪಾಯ ಹೂಡಿದಳು. ಮನೆಯ ಸೇವಕಿ ತೆರೆದ ಕಿಟಕಿಯ ಮುಂದೆ ನಿಂತು, ನಾವು ಬಿಸಿ ಕಾಫಿಯನ್ನು ಲೋಟದಿಂದ ಡಬರಿಗೆ ಎತ್ತಿ ಹೊಯ್ಯುವ ಹಾಗೆ, ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯಬೇಕು. ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ. ನೀರಿಗೆ ಗಾಳಿ ಬೆರೆಯಿತು, ಹವಳ ಬದುಕಿತು. 1847ರಲ್ಲಿ ಆಕೆ ಕಡಲಪಾಚಿಯನ್ನೂ ತರಿಸಿ ತೊಟ್ಟಿಗೆ ಇಟ್ಟಳು. ಪಾಚಿ ಬೆಳಕಿನಲ್ಲಿ ಪ್ರಾಣವಾಯು ಬಿಡುತ್ತ, ಪ್ರಾಣಿಗಳು ಬಿಟ್ಟದ್ದನ್ನು ತಾನು ಹೀರುತ್ತ ನೀರನ್ನು ಸಮತೂಕದಲ್ಲಿ ಇಟ್ಟಿತು. ಸುಮಾರು ಮೂರು ವರ್ಷ ಆ ಹವಳಗಳು ಲಂಡನ್ನಿನ ಮನೆಯೊಳಗೆ ಬಾಳಿದವು, ಮರಿಗಳನ್ನೂ ಹಾಕಿದವು. 1859ರಲ್ಲಿ ಆಕೆಯ ಟಿಪ್ಪಣಿಗಳು ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾದವು.

ದಿನವೂ ಕೈಸೋಲುವಂತೆ ನೀರು ಹೊಯ್ದ ಆ ಸೇವಕಿಯ ಹೆಸರನ್ನು ಚರಿತ್ರೆ ಉಳಿಸಿಕೊಂಡಿಲ್ಲ. ಇವತ್ತು ಬಿಟಿಎಂನ ತೊಟ್ಟಿಯಲ್ಲಿ ಪಂಪು ಗುಂಯ್‌ಗುಡುತ್ತ ಮಾಡುವ ಕೆಲಸವನ್ನು ಅವಳ ತೋಳುಗಳು ಮಾಡಿದವು.

ಮುಂದಿನದು ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನ ಕಾಲ. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ಹೋಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು, ಅದರ ಹಿಂದೆ ಗಾಸ್ ಇದ್ದ. ಮರುವರ್ಷ ಅಕ್ವೇರಿಯಂ ಕುರಿತು ಆತ ಬರೆದ ಪುಸ್ತಕ ಮಧ್ಯಮ ವರ್ಗದವರ ತಲೆಕೆಡಿಸಿತು. ಕಡಲಿನಿಂದ ದೂರವಿರುವವರು ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಕಡಲನೀರು ಮಾಡಿಕೊಳ್ಳುವ ದಾರಿಯನ್ನೂ ಆತ ತೋರಿಸಿಕೊಟ್ಟ. ಜನ ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ಕರಾವಳಿಗೆ ನುಗ್ಗಿದರು. ಕೆಲವೇ ವರ್ಷಗಳಲ್ಲಿ ಬಂಡೆಗಳ ನಡುವಿನ ಬಣ್ಣದ ಕೊಳಗಳು ಬರಿದಾದವು. ತನ್ನ ಪುಸ್ತಕಗಳೇ ಜನರನ್ನು ಅಲ್ಲಿಗೆ ಕಳಿಸಿದವೆಂಬ ನೋವು ಗಾಸ್‌ನನ್ನು ಕಾಡಿತೆಂದು ಮಗ ಎಡ್ಮಂಡ್ 1907ರ ಆತ್ಮಕಥನದಲ್ಲಿ ಬರೆದಿದ್ದಾನೆ. ಕಡಲನ್ನು ಪ್ರೀತಿಸಿದವರೇ ಕಡಲಂಚನ್ನು ಬೋಳು ಮಾಡಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಊರಿನ ಕಥೆಗೂ ಇದು ಬೇಕು.

ಆ ಹುಚ್ಚು ಇಳಿಯಿತು. ನಡುವಿನ ನೂರು ವರ್ಷಗಳಲ್ಲಿ ಮನೆಗಳಲ್ಲಿ ಗೋಲ್ಡ್ ಫಿಶ್ ಈಜಿತು, ಹವಳ ಬದುಕಲಿಲ್ಲ. ಅಷ್ಟರಲ್ಲಿ ಪ್ರಯೋಗಶಾಲೆಗಳಲ್ಲಿ ಎರಡು ಗುಟ್ಟು ಬಯಲಾದವು. ಮೀನು ಹೊರಬಿಡುವ ಅಮೋನಿಯ ವಿಷವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆಂದು ರಷ್ಯದ ವಿನೋಗ್ರಾದ್‌ಸ್ಕಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ತೋರಿಸಿದ. ಉಷ್ಣವಲಯದ ಹವಳದ ಮೈಯೊಳಗೇ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡು, ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಬಡಿಸುತ್ತದೆಂಬುದು ಇನ್ನೊಂದು. ಹಾಗಾಗಿ ತೊಟ್ಟಿಗೆ ಎರಡು ಬೇಕು: ಬ್ಯಾಕ್ಟೀರಿಯಾಕ್ಕೆ ನೆಲೆ, ಪಾಚಿಗೆ ಬೆಳಕು.

ಇವೆರಡನ್ನೂ ಶೋಧಕ ಯಂತ್ರವಿಲ್ಲದೆ ಕೂಡಿಸಿದವನು ಇಂಡೋನೇಷ್ಯಾದ ಲೀ ಚಿನ್ ಎಂಗ್. ಸಮುದ್ರದಿಂದ ಜೀವಂತ ಬಂಡೆ ತಂದು ತೊಟ್ಟಿಯಲ್ಲಿ ಜೋಡಿಸಿದ, ಬಿಸಿಲು ಬೀಳುವಂತೆ ಇಟ್ಟ, ಸಣ್ಣ ಗಾಳಿಗುಳ್ಳೆ ಬಿಟ್ಟ. ಬಂಡೆಯ ರಂಧ್ರಗಳಲ್ಲಿದ್ದ ಬ್ಯಾಕ್ಟೀರಿಯಾ ಉಳಿದದ್ದನ್ನು ನೋಡಿಕೊಂಡವು. 1961ರಲ್ಲಿ ಅವನ ಲೇಖನ ಅಮೆರಿಕದ ಪತ್ರಿಕೆಯಲ್ಲಿ ಬಂತು. ಜರ್ಮನರು ನೊರೆಯೆಬ್ಬಿಸಿ ಕೊಳೆಯನ್ನು ಹೊರಹಾಕುವ ಸ್ಕಿಮ್ಮರ್ ಸೇರಿಸಿದರು. ಹವಳ ಕಲ್ಲು ಕಟ್ಟಲು ಕ್ಯಾಲ್ಸಿಯಂ ಬೇಕಲ್ಲ, ಅದಕ್ಕೆ ಪೀಟರ್ ವಿಲ್ಕೆನ್ಸ್ ಎಂಬಾತ ಕೊಟ್ಟ ಮದ್ದು ಸುಣ್ಣದ ತಿಳಿನೀರು. ತಾಂಬೂಲಕ್ಕೆ ಸುಣ್ಣ ಹಚ್ಚುವ ನಮಗೆ ಅದೇನು ಹೊಸದಲ್ಲ. 1980ರ ದಶಕದ ಕೊನೆಗೆ ಕಲ್ಲುಹವಳಗಳು ಮನೆಯ ತೊಟ್ಟಿಯಲ್ಲಿ ಬೆಳೆಯತೊಡಗಿದವು.

ಅದೇ ದಶಕದಲ್ಲಿ, 1983ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆಯಿತು. ಈ ನಗರದ ಎಷ್ಟೋ ಮಕ್ಕಳು ಗಾಜಿಗೆ ಮೂಗೊತ್ತಿ ಮೀನು ನೋಡಲು ಕಲಿತದ್ದು ಅಲ್ಲೇ. ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಸಿಹಿನೀರಿನ ಮೀನು ನಮ್ಮ ಊರಿಗೆ ಸಹಜ. ಉಪ್ಪುನೀರಿನ ತೊಟ್ಟಿ ಬಂದದ್ದು ತಡವಾಗಿ, ಪ್ಯಾಕೆಟ್ಟಿನ ಸಮುದ್ರದ ಉಪ್ಪು, ಆರ್‌ಓ ಯಂತ್ರ, ಎಲ್‌ಇಡಿ ದೀಪ ಕೈಗೆಟುಕಿದ ಮೇಲೆ. 2003ರಲ್ಲಿ ನೀಮೋ ಎಂಬ ಮೀನಿನ ಸಿನಿಮಾ ಬಂದಿತು, ಮಕ್ಕಳ ಬಾಯಲ್ಲಿ ಕ್ಲೌನ್ ಫಿಶ್ ಹೆಸರು ನೆಲೆನಿಂತಿತು.

ಈಗ ಬಿಟಿಎಂನ ಮನೆಯೊಳಗೆ ಬನ್ನಿ. ತೊಟ್ಟಿಯ ಆರೋಗ್ಯ ನೀರಿನಿಂದ ಶುರುವಾಗುತ್ತದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಗರದ ಬೋರ್‌ವೆಲ್ ನೀರು ಗಡಸು, ಹಲವು ಕಡೆ ನೈಟ್ರೇಟ್ ಹೆಚ್ಚು. ಆರ್‌ಓ ಮಾಡಿ, ಅದರ ಮೇಲೆ ಉಳಿದ ಲವಣವನ್ನು ಹಿಡಿದಿಡುವ ಡಿಐ ರಾಳದ ಮೂಲಕ ಹಾಯಿಸಿ, ಟಿಡಿಎಸ್ ಅಂದರೆ ಕರಗಿದ ಲವಣದ ಪ್ರಮಾಣವನ್ನು ಸೊನ್ನೆಗೆ ಇಳಿಸಿದ ನೀರಿಗೇ ತೊಟ್ಟಿಗೆಂದು ತಯಾರಿಸಿದ ಸಮುದ್ರದ ಉಪ್ಪು ಬೆರೆಸಬೇಕು. ಲೀಟರಿಗೆ ಸುಮಾರು 35 ಗ್ರಾಂ, ನೂರು ಲೀಟರ್ ತೊಟ್ಟಿಗೆ ಮೂರೂವರೆ ಕಿಲೋ. ಅಡುಗೆ ಉಪ್ಪು ಸಲ್ಲದು. ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ, ಆದ್ದರಿಂದ ದಿನನಿತ್ಯ ತುಂಬಿಸಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯ ಪರೀಕ್ಷೆ ಸೊನ್ನೆ ತೋರಿಸುವ ತನಕ ಮೀನು ತರಬಾರದು. ಮೀನು ಸಾಯುವುದಕ್ಕೆ ಅವಸರದಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ.

ಹವೆ ನಮ್ಮ ಪರ. ತೊಟ್ಟಿಗೆ ಬೇಕಾದದ್ದು 25, 26 ಡಿಗ್ರಿ, ಬೆಂಗಳೂರು ವರ್ಷದ ಬಹುಪಾಲು ಅದರ ಆಸುಪಾಸಿನಲ್ಲೇ ಇರುತ್ತದೆ. ಆದರೆ 2016ರ ಏಪ್ರಿಲ್‌ನಲ್ಲಿ ಇಲ್ಲೂ 39.2 ಡಿಗ್ರಿ ಮುಟ್ಟಿತು. ಅಂಥ ವಾರಗಳಲ್ಲಿ ನೀರಿನ ಮೇಲೆ ಫ್ಯಾನ್ ತಿರುಗಬೇಕು. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಪ್ರಾಣವಾಯು ಇಳಿಯುತ್ತದೆ. ಬ್ಯಾಟರಿಯಿಂದ ನಡೆಯುವ ಪುಟ್ಟ ಗಾಳಿಪಂಪು ಮನೆಯಲ್ಲಿರಲೇಬೇಕು. ಇನ್ನು ಹೊಸ ಮೀನನ್ನು ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು. ಮೈಮೇಲೆ ಬಿಳಿ ಚುಕ್ಕೆ ಬರಿಸುವ ಪರಾವಲಂಬಿ ಒಂದೇ ಮೀನಿನ ಜೊತೆ ಬಂದು ಇಡೀ ತೊಟ್ಟಿಯನ್ನು ಮುಗಿಸಬಲ್ಲದು. ಅದಕ್ಕೆ ಕೊಡುವ ತಾಮ್ರದ ಔಷಧ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಅದಕ್ಕೇ ಚಿಕಿತ್ಸೆ ಬೇರೆ ತೊಟ್ಟಿಯಲ್ಲೇ ಆಗಬೇಕು.

2024ರ ಮಾರ್ಚಿನಲ್ಲಿ ನಗರ ಬಾಯಾರಿ ನಿಂತಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸುವುದು ಇಂಥ ಊರಿನಲ್ಲಿ ತೊಟ್ಟಿ ಇಟ್ಟವರ ಕರ್ತವ್ಯ.

ಇಷ್ಟೆಲ್ಲ ಕಲಿತ ಮೇಲೆ ಕಲ್ಲುಹವಳ ಸಾಕಬಹುದೇ? ಭಾರತದಲ್ಲಿ ಉತ್ತರ ಸ್ಪಷ್ಟವಾಗಿದೆ: ಇಲ್ಲ. ಮನ್ನಾರ್ ಖಾರಿಯಲ್ಲಿ ಸುಣ್ಣಕ್ಕೆಂದು, ಕಟ್ಟಡಕ್ಕೆಂದು ದಶಕಗಳ ಕಾಲ ಹವಳ ಒಡೆದು ಸಾಗಿಸಿದ್ದನ್ನು ಕಂಡ ದೇಶ ನಮ್ಮದು. 2001ರ ಜುಲೈನಲ್ಲಿ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಕಡಲಕುದುರೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿಗೆ ಸಿಕ್ಕಿರುವ ರಕ್ಷಣೆಯೇ ಹವಳಕ್ಕೂ ಸಿಕ್ಕಿತು. ಕದ್ದು ತಂದು ಮಾರಿದವರಿಗೆ ಮೂರರಿಂದ ಏಳು ವರ್ಷ ಸೆರೆವಾಸವಾಗಬಹುದು. ಸತ್ತ ಹವಳದ ಬಿಳಿ ಕೊಂಬೆಗೂ ಕಾನೂನು ಅನ್ವಯಿಸುತ್ತದೆ. ಗಾಸ್‌ನ ಕಾಲದ ಇಂಗ್ಲೆಂಡಿಗೆ ಇಂಥ ಕಾನೂನಿರಲಿಲ್ಲ, ಇದ್ದಿದ್ದರೆ ಆ ಕೊಳಗಳಲ್ಲಿ ಎಷ್ಟೋ ಉಳಿಯುತ್ತಿದ್ದವು.

ನಮ್ಮದೇ ಹವಳ ನೋಡಬೇಕೆಂದರೆ ಮುರುಡೇಶ್ವರಕ್ಕೆ ಹೋಗಿ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ. ಭಟ್ಕಳ ತಾಲ್ಲೂಕಿಗೆ ಸೇರಿದ ಈ ಗುಡ್ಡದ ಬುಡದಲ್ಲಿ, ಕನ್ನಡ ನಾಡಿನ ನೀರಿನಲ್ಲೇ, ಹವಳವಿದೆ, ಗಿಳಿಮೀನುಗಳಿವೆ, ಚಿಟ್ಟೆಮೀನುಗಳಿವೆ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವಿದು, ಅದನ್ನು ವಿರೋಧಿಸಿ ಪರಿಸರಪ್ರಿಯರು ದನಿಯೆತ್ತಿದ್ದೂ ಉಂಟು. ಈಗ ಅದಕ್ಕಿಂತ ದೊಡ್ಡ ಅಪಾಯ ಕಡಲ ನೀರೇ ಕಾಯುತ್ತಿರುವುದು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು, 2024ರಲ್ಲಿ ಮತ್ತೆ. ನೀರು ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಉಳಿದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಕಡಲಿಗೆ ಫ್ಯಾನ್ ಹಾಕುವುದು ಯಾರಿಂದಲೂ ಆಗದು.

ಒಳ್ಳೆಯ ಸುದ್ದಿಯೂ ಇದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಂಡಪಂ, ವಿಝಿಂಜಂ ಕೇಂದ್ರಗಳಲ್ಲಿ ಕ್ಲೌನ್ ಫಿಶ್ ಮರಿ ಮಾಡಿಸುವ ವಿಧಾನವನ್ನು ರೂಪಿಸಿತು. ಈ ಮೀನು ಹುಟ್ಟುವಾಗ ಗಂಡು, ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾದದ್ದು ಹೆಣ್ಣಾಗುತ್ತದೆ. ಚಪ್ಪಟೆ ಕಲ್ಲಿನ ಮೇಲಿಟ್ಟ ಮೊಟ್ಟೆಗಳನ್ನು ಗಂಡು ಕಾಯುತ್ತದೆ, ಒಂದು ವಾರದ ಆಚೀಚೆ ರಾತ್ರಿ ಹೊತ್ತು ಮರಿಯೊಡೆಯುತ್ತದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಒಣ ಆಹಾರಕ್ಕೆ ಬೇಗ ಒಗ್ಗುತ್ತದೆ, ಅದಕ್ಕಾಗಿ ಯಾರೂ ಹವಳದ ಬಂಡೆಗೆ ಬಲೆ ಹಾಕಬೇಕಿಲ್ಲ.

ಹಾಗಾಗಿ ಬಿಟಿಎಂ, ಜಯನಗರ, ಜೆಪಿ ನಗರ, ಬನಶಂಕರಿಯ ಆಸಕ್ತರಲ್ಲಿ ಒಂದು ಕೋರಿಕೆ. ಮೊದಲ ತೊಟ್ಟಿಗೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಫಿಶ್ ಜೋಡಿಯನ್ನೇ ಕೇಳಿ ತನ್ನಿ. ಹವಳವನ್ನೇ ತಿಂದು ಬದುಕುವ ಚಿಟ್ಟೆಮೀನನ್ನು ಅಂಗಡಿಯಲ್ಲಿ ಕಂಡರೂ ಕೊಳ್ಳಬೇಡಿ, ಮನೆಯಲ್ಲಿ ಅದು ಉಪವಾಸ ಬೀಳುತ್ತದೆ. ಬಂಡೆ ಬೇಕಾದರೆ ಮನುಷ್ಯರೇ ಮಾಡಿದ ರಂಧ್ರದ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾ ಅದರಲ್ಲೂ ನೆಲೆಸುತ್ತದೆ. ಕಲ್ಲುಹವಳ ಬೇಡವೇ ಬೇಡ, ಮೂಲ ಹೇಳಲಾಗದ, ಬಿಲ್ ಕೊಡದ ಬೇರೆ ಯಾವ ಹವಳವನ್ನೂ ಮನೆಗೆ ತರಬೇಡಿ, ಅನುಮಾನವಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ನೇತ್ರಾಣಿಗೆ ಹೋಗಿ ಬನ್ನಿ.