ನೆರಳಿರುವ 23 ಕಿಲೋಮೀಟರ್
(ಹೈದರಾಬಾದಿನಲ್ಲಿ ನಡೆದ ಸಂಘದ ಮಹಿಳಾ ವೇದಿಕೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಅಧ್ಯಕ್ಷರು ನನಗೆ ಕೊಟ್ಟ ವಿಷಯ "ಮಹಿಳೆ ಮತ್ತು ಆರೋಗ್ಯ". ಅದು ಬಹಳ ದೊಡ್ಡದಾಯಿತು. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಕೆಲಸದವಳು. ಹಾಗಾಗಿ ಅವರನ್ನು ಕೇಳಿಕೊಂಡು ವಿಷಯವನ್ನು ಒಂದು ರಸ್ತೆಯಷ್ಟು ಚಿಕ್ಕದು ಮಾಡಿಕೊಂಡು ಬಂದಿದ್ದೇನೆ. ಆ ರಸ್ತೆಯ ಉದ್ದ 23 ಕಿಲೋಮೀಟರ್, ಅಗಲ ನಾಲ್ಕೂವರೆ ಮೀಟರ್. ನಮ್ಮ ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಇದೆ. ನಿಮ್ಮಲ್ಲಿ ಬಹಳ ಜನ ಅದನ್ನು ವಿಮಾನ ನಿಲ್ದಾಣಕ್ಕೆ ಹೋಗುವಾಗ ಕಾರಿನ ಕಿಟಕಿಯಿಂದ ನೋಡಿದ್ದೀರಿ. ಉದ್ದಕ್ಕೂ ಸೋಲಾರ್ ಫಲಕಗಳ ಚಾವಣಿ, ಕೆಳಗೆ ಸೈಕಲ್ ತುಳಿಯುವವರು.

ಅದು 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಯಿತು. ಎರಡು ಭಾಗ ಇದೆ. ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿ ಕಡೆಗೆ ಸುಮಾರು ಎಂಟೂವರೆ ಕಿಲೋಮೀಟರ್, ನರಸಿಂಗಿಯಿಂದ ಕೊಲ್ಲೂರಿಗೆ ಹದಿನಾಲ್ಕೂವರೆ. ದಕ್ಷಿಣ ಕೊರಿಯಾದ ಒಂದು ಹೆದ್ದಾರಿಯಲ್ಲಿ ಇಂಥದೇ ಸೋಲಾರ್ ಚಾವಣಿಯ ಸೈಕಲ್ ದಾರಿ ಇದೆ, ಅದನ್ನು ನೋಡಿ ಇದನ್ನು ಮಾಡಿದ್ದು. ಕೊಲ್ಲೂರು ಅಂದಾಗ ನಗಬೇಡಿ. ಮೊದಲ ಸಲ "ಕೊಲ್ಲೂರಿಗೆ ಹೋಗಿ ಬಂದೆ" ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಹೇಳದೇ ಹೋದೆಯಲ್ಲೇ, ಮೂಕಾಂಬಿಕೆಗೆ ಒಂದು ಸೀರೆ ಕೊಡಿಸುತ್ತಿದ್ದೆ" ಅಂದರು.

ಚಾವಣಿಯ ಸೋಲಾರ್ ಸಾಮರ್ಥ್ಯ 16 ಮೆಗಾವ್ಯಾಟ್. ಎಂಜಿನಿಯರ್ ಆದ ಮೇಲೆ ಸುಮ್ಮನೆ ಬಿಡಲು ಆಗುವುದಿಲ್ಲ, ಒಂದು ಬಾಯಿಲೆಕ್ಕ ಹೇಳುತ್ತೇನೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕಕ್ಕೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಅಂತ ಹಿಡಿಯುತ್ತೇವೆ. ಅಂದರೆ ದಿನಕ್ಕೆ 64,000 ಯೂನಿಟ್ ಆಸುಪಾಸು. ಮನೆಯೊಂದಕ್ಕೆ ಎಂಟು ಯೂನಿಟ್ ಅಂದುಕೊಂಡರೆ ಎಂಟು ಸಾವಿರ ಮನೆಗಾಗುವಷ್ಟು. ನಮ್ಮ ತಲೆಗೆ ನೆರಳು, ಯಾರದೋ ಮನೆಯ ಮಿಕ್ಸಿಗೆ ಕರೆಂಟು. ಆದರೆ ಒಂದು ಮಾತು: ನೆರಳು ಅಂತ ನಂಬಿ ಟೋಪಿ, ತಂಪು ಕನ್ನಡಕ ಬಿಟ್ಟು ಬರಬೇಡಿ. ಬೆಳಿಗ್ಗೆ ಏಳರ ಬಿಸಿಲು ಮೇಲಿನಿಂದ ಬರುವುದಿಲ್ಲ, ಪಕ್ಕದಿಂದ ಓರೆಯಾಗಿ ಬರುತ್ತದೆ. ಚಾವಣಿಯ ನಿಜವಾದ ಉಪಕಾರ ಗೊತ್ತಾಗುವುದು ಒಂಬತ್ತು ಗಂಟೆ ದಾಟಿದ ಮೇಲೆ, ಅದರಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ.

ಈಗ ಈ ಸಭೆಗೆ ಒಂದು ಪ್ರಶ್ನೆ. ಸೈಕಲ್ ತುಳಿಯಲು ಬರುವವರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು. ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ತುಳಿದವರು? ಆರು ಕೈ. ಅದರಲ್ಲಿ ನಾಲ್ವರು ನಮ್ಮ ಗುಂಪಿನವರೇ.

ನಾನು ಮಾತಾಡಬೇಕು ಅಂದುಕೊಂಡಿದ್ದು ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆ. 2006-07ರಲ್ಲಿ ನಮ್ಮ ಕರ್ನಾಟಕದಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿತು. ನಾನು ಆಗಲೇ ಎಂಟನೇ ಕ್ಲಾಸು ದಾಟಿದ್ದೆ, ನನ್ನ ತಂಗಿಗೆ ಸಿಕ್ಕಿತು. ಸಂಜೆ ಶಾಲೆ ಬಿಟ್ಟರೆ ರಸ್ತೆ ತುಂಬ ಒಂದೇ ಬಣ್ಣದ ಸೈಕಲ್, ಎರಡು ಜಡೆ, ಹಿಂದಿನ ಕ್ಯಾರಿಯರ್‌ನಲ್ಲಿ ಪಾಟಿಚೀಲ. ಅದಕ್ಕೂ ಮೊದಲು, 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಜೊತೆಗೇ ಲಕ್ಷದಷ್ಟು ಹಳ್ಳಿಯ ಹೆಂಗಸರು ಸೈಕಲ್ ಕಲಿತರು. ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರೂ ಮಹಿಳೆ, ಶೀಲಾ ರಾಣಿ ಚುಂಕತ್. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ಬರೆದದ್ದು ಇವತ್ತಿಗೂ ಓದುವಂತಿದೆ. ಸೈಕಲ್ ಕಲಿತ ಮೇಲೆ ಬಸ್ಸಿಗೆ ಕಾಯುವುದು ತಪ್ಪಿತು, ಅಣ್ಣನನ್ನೋ ಗಂಡನನ್ನೋ ಕಾಯುವುದೂ ತಪ್ಪಿತು.

ಹಾಗಾದರೆ ಕಲಿತವರೆಲ್ಲ ಎಲ್ಲಿ ಹೋದರು? ನನ್ನ ತಂಗಿಯ ಸೈಕಲ್ ಪಿಯುಸಿ ಮುಗಿಯುವ ಹೊತ್ತಿಗೆ ಹಾಲಿನ ಕ್ಯಾನು ಹೊರುವುದಕ್ಕೆ ಹೋಯಿತು. ಯಾರೂ ಅವಳಿಗೆ ತುಳಿಯಬೇಡ ಅನ್ನಲಿಲ್ಲ. ಬೇಡ ಅನ್ನುವ ಅಗತ್ಯವೇ ಬರಲಿಲ್ಲ. ಮನೆಯ ಸುತ್ತ ಆ ವಯಸ್ಸಿನವರು ಯಾರೂ ತುಳಿಯುತ್ತಿರಲಿಲ್ಲ, ಅಷ್ಟೇ ಸಾಕಾಯಿತು.

ನಾವು ನಾಲ್ವರು ಕಳೆದ ಒಂದು ವರ್ಷದಿಂದ ತಿಂಗಳಿಗೆ ಎರಡು ಭಾನುವಾರ ಹೋಗುತ್ತಿದ್ದೇವೆ. ಮನೆಯವರು ಹೇಗೆ ಒಪ್ಪಿದರು ಅಂತ ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಯನ್ನು ನನ್ನ ಗಂಡನಿಗೆ ಯಾರೂ ಕೇಳಿಲ್ಲ. ಅವರು ಆಗಸ್ಟ್ ತಿಂಗಳ ಹೈದರಾಬಾದ್ ಮ್ಯಾರಥಾನ್‌ಗೆ ಅಂತ ನಾಲ್ಕು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓಡಿದರು, ಎಲ್ಲರೂ ಎಂಥ ಶಿಸ್ತು ಅಂದರು. ನಾನು ಐದೂವರೆಗೆ ಹೊರಟಾಗ "ತಿಂಡಿಗೆ ಏನು?" ಅಂದರು. ಮೊದಲ ಎರಡು ಸಲ ರಾತ್ರಿಯೇ ಇಡ್ಲಿ ಹಿಟ್ಟು ರುಬ್ಬಿಟ್ಟು, ಚಟ್ನಿ ಮಾಡಿಟ್ಟು ಹೋದೆ. ಮೂರನೇ ಸಲ ಮಾಡಲಿಲ್ಲ. ಭಾನುವಾರದ ತಿಂಡಿ ಯಾರು ಮನೆಯಲ್ಲಿರುತ್ತಾರೋ ಅವರದು ಅಂತ ಶನಿವಾರವೇ ಹೇಳಿದೆ. ಈಗ ನಮ್ಮ ಮನೆಯಲ್ಲಿ ಭಾನುವಾರ ಒಗ್ಗರಣೆ ಅವಲಕ್ಕಿ ಮಾಡುವುದು ಅವರು. ಉಪ್ಪು ಒಂದೊಂದು ಸಲ ಜಾಸ್ತಿ. ಅತ್ತೆಯವರು ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದರು, ಈಗ "ನನ್ನ ಮಗನ ಅವಲಕ್ಕಿ" ಅಂತ ಪಕ್ಕದ ಮನೆಗೂ ಕೊಡುತ್ತಾರೆ.

ಇನ್ನು ಶರೀರದ ಮಾತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕು ಅನ್ನುತ್ತದೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವಂಥದ್ದು. ಮನೆಗೆಲಸವೇ ವ್ಯಾಯಾಮವಲ್ಲವೇ ಅನ್ನುವವರಿದ್ದಾರೆ. ದಣಿವಾಗುವುದು ನಿಜ. ಆದರೆ ಒಲೆ ಮುಂದೆ ಎರಡು ತಾಸು ನಿಂತರೆ ಕಾಲು ನೋಯುತ್ತದೆಯೇ ಹೊರತು ಎದೆಬಡಿತ ಏರುವುದಿಲ್ಲ. ಎಷ್ಟು ಶ್ರಮ ಅಂತ ಅಳೆಯಲು ದುಬಾರಿ ವಾಚು ಬೇಕಾಗಿಲ್ಲ. ಪಕ್ಕದವಳ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ.

ಸ್ವಲ್ಪ ತುಳಿದರೆ ಏದುಸಿರು ಬರುತ್ತದೆ, ನನಗೆ ಶಕ್ತಿಯೇ ಇಲ್ಲ, ನಾನು ಸೋಮಾರಿ ಅಂತ ಬೈದುಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಜನಕ್ಕೆ ರಕ್ತಹೀನತೆ ಇದೆ. ಇಲ್ಲಿ ಕೂತಿರುವ ನಾವು ಹೊಟ್ಟೆ ತುಂಬ ಉಣ್ಣುವವರು, ನಮಗೆ ಇರಲಿಕ್ಕಿಲ್ಲ ಅಂದುಕೊಳ್ಳಬೇಡಿ. ನಮ್ಮ ನಾಲ್ವರಲ್ಲಿ ಇಬ್ಬರಿಗೆ ಇತ್ತು. ಒಬ್ಬರು ಮೂರು ತಿಂಗಳು ಡಾಕ್ಟರು ಕೊಟ್ಟ ಮಾತ್ರೆ ತಿಂದರು, ನಂತರ ಅದೇ ಹದಿನೈದು ಕಿಲೋಮೀಟರಿಗೆ ಅವರೇ ನಮ್ಮನ್ನು ಹಿಂದೆ ಹಾಕಿದರು.

ಇನ್ನೊಂದು ವಿಷಯ, ಸೈಕಲ್ ಅಂಗಡಿಯವರು ಹೇಳದೇ ಇರುವುದು. ಸೈಕಲ್ ಹೃದಯಕ್ಕೆ ಒಳ್ಳೆಯದು, ಮಂಡಿಗೂ ಹಗುರ. ಆದರೆ ಮೂಳೆಗೆ ಅದೊಂದೇ ಸಾಲದು. ತುಳಿಯುವಾಗ ನಮ್ಮ ಭಾರವನ್ನು ಸೀಟು ಹೊರುತ್ತದೆ. ಮೂಳೆ ಗಟ್ಟಿಯಾಗುವುದು ಅದರ ಮೇಲೆ ಭಾರ ಬಿದ್ದಾಗ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೂಳೆ ಬೇಗ ಸವೆಯುವುದರಿಂದ ನಲವತ್ತು ದಾಟಿದವರು ಸೈಕಲ್ ಜೊತೆಗೆ ನಡಿಗೆ, ಓಟ, ಮೆಟ್ಟಿಲು ಹತ್ತುವುದು ಇವನ್ನೂ ಇಟ್ಟುಕೊಳ್ಳಬೇಕು. ಓಟ ಅಂದರೆ ಹೆದರಬೇಡಿ. ಎರಡು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಇಪ್ಪತ್ತು ನಿಮಿಷ. ಎರಡು ವಾರ ಬಿಟ್ಟು ಓಟ ಮೂರು ನಿಮಿಷ. ಮಂಡಿ ನೋವು ಮೊದಲೇ ಇದ್ದವರು ಡಾಕ್ಟರನ್ನು ಕೇಳಿ ಶುರುಮಾಡಿ.

ಆದರೆ ಓಡುವುದಕ್ಕೆ ಈ ಸೈಕಲ್ ದಾರಿಗೆ ಬರಬೇಡಿ ಅಂತ ನಾನು ಹೇಳುತ್ತೇನೆ, ಕೆಲವರಿಗೆ ಸಿಟ್ಟು ಬಂದರೂ ಸರಿ. ಮೂರು ಲೇನ್ ಇವೆ, ಜಾಗ ಧಾರಾಳ ಅನ್ನಿಸುತ್ತದೆ. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಹುಡುಗರ ಎದುರು ನಾಲ್ವರು ಸಾಲಾಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುತ್ತಿದ್ದರೆ ಬೆಲ್ಲು ಹೊಡೆದು ಏನು ಪ್ರಯೋಜನ? ನಮ್ಮ ಊರಿನಲ್ಲಿ ಓಟಕ್ಕೆ ಜಾಗಕ್ಕೇನು ಬರ. ಕೆಬಿಆರ್ ಉದ್ಯಾನ ಇದೆ, ಕೊತ್ತಗುಡದ ಬೊಟಾನಿಕಲ್ ಗಾರ್ಡನ್ ಇದೆ, ಹುಸೇನ್ ಸಾಗರದ ದಂಡೆಯ ನೆಕ್ಲೆಸ್ ರಸ್ತೆ ಇದೆ. ಮಣ್ಣಿನ ದಾರಿ ಮಂಡಿಗೂ ಹಿತ. ನಾವು ವಾರದ ನಡುವೆ ಎರಡು ದಿನ ಹತ್ತಿರದ ಪಾರ್ಕಿನಲ್ಲಿ ಓಡಿ, ಭಾನುವಾರ ಸೈಕಲ್‌ಗೆ ಹೋಗುತ್ತೇವೆ.

ಈ ದಾರಿಯ ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಅದು ನಮ್ಮ ಮನೆಬಾಗಿಲಿಗೆ ಬರುವುದಿಲ್ಲ. ಕಾಚಿಗುಡ, ಸಿಕಂದರಾಬಾದ್ ಕಡೆಯವರು ಊರನ್ನೇ ದಾಟಿ ಬರಬೇಕು. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗಿ, ಸೈಕಲ್ ತುಳಿದು, ಮತ್ತೆ ಕಾರಿನಲ್ಲಿ ಬರುವುದು ಸ್ವಲ್ಪ ತಮಾಷೆಯೇ. ತರಕಾರಿ ತರಲು, ಮಗುವನ್ನು ಶಾಲೆಗೆ ಬಿಡಲು ಸುರಕ್ಷಿತವಾದ ದಾರಿ ಬೇಕಾಗಿರುವುದು ನಮ್ಮ ಬೀದಿಗಳಲ್ಲಿ. ಅದು ಬರುವವರೆಗೆ ಕಾಯುತ್ತ ಕೂರುವುದು ಬೇಡ ಅಂತ ನಾವು ಇದಕ್ಕೆ ಹೋಗುತ್ತೇವೆ. ಕಾರು, ಲಾರಿಗಳ ಭಯವಿಲ್ಲದೆ ಎರಡು ತಾಸು ತುಳಿಯುವುದಕ್ಕೆ ಇಷ್ಟು ಉದ್ದದ ಜಾಗ ಊರಿನಲ್ಲಿ ಬೇರೆ ನನಗೆ ಕಂಡಿಲ್ಲ.

ಹೆಂಗಸರು ಹೋಗುವುದು ಸುರಕ್ಷಿತವೇ? ದೀಪಗಳಿವೆ, ಕ್ಯಾಮೆರಾಗಳಿವೆ, ಭಾನುವಾರ ಬೆಳಿಗ್ಗೆ ಜನವೂ ಚೆನ್ನಾಗಿರುತ್ತಾರೆ. ಆದರೂ ನಾನು ಒಬ್ಬಳೇ ಕತ್ತಲಲ್ಲಿ ಹೋಗುವುದಿಲ್ಲ. ಹೋಗಬಹುದಾದಂತೆ ಇರಬೇಕು ಎನ್ನುವುದು ಬೇರೆ ಮಾತು. ನಮ್ಮದು ಎರಡೇ ನಿಯಮ. ಮುಂದಿನವಳು ಹಿಂದಿನವಳ ಕಣ್ಣಿಗೆ ಬೀಳುವಷ್ಟು ದೂರದಲ್ಲೇ ಇರಬೇಕು, ಕಡಿಮೆ ವೇಗದವಳು ಗುಂಪಿನ ವೇಗ ನಿರ್ಧರಿಸಬೇಕು. ಇನ್ನು, ಹೋದಷ್ಟೇ ದೂರ ಮರಳಿ ಬರಬೇಕು ಅನ್ನುವುದು ನೆನಪಿರಲಿ. ಹೋಗುವಾಗ ಗಾಳಿ ಹಿಂದಿನಿಂದ ಬೀಸಿದರೆ ನಮ್ಮನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಆಹಾ, ನಾನೆಷ್ಟು ಗಟ್ಟಿ ಅಂತ ಅನ್ನಿಸುತ್ತದೆ. ತಿರುಗಿದ ಕೂಡಲೇ ಗಾಳಿ ಎದುರು. ಹಾಗಾಗಿ ಮೊದಲ ಸಲ ಐದು ಕಿಲೋಮೀಟರಿಗೇ ತಿರುಗಿ.

ಬಟ್ಟೆಯ ಬಗ್ಗೆ ಕೇಳುತ್ತಾರೆ. ಟ್ರ್ಯಾಕ್ ಪ್ಯಾಂಟೇ ಆಗಬೇಕೆಂದಿಲ್ಲ, ಚೂಡಿದಾರ ಸಾಕು. ದುಪಟ್ಟಾ ಮಾತ್ರ ಮನೆಯಲ್ಲಿ ಬಿಡಿ, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೆ ಬರುತ್ತದೆ. ಬಲಗಾಲಿನ ಪ್ಯಾಂಟಿನ ಅಂಚಿಗೆ ತಲೆಗೂದಲಿನ ರಬ್ಬರ್ ಬ್ಯಾಂಡ್ ಹಾಕಿ, ಚೈನಿಗೆ ಸಿಗುವುದಿಲ್ಲ. ಸೀಟಿನ ಎತ್ತರ ಎಲ್ಲಕ್ಕಿಂತ ಮುಖ್ಯ. ನಾನು ನೋಡಿದ ಹೆಂಗಸರಲ್ಲಿ ಹೆಚ್ಚಿನವರು ಭಯದಿಂದ ಸೀಟು ತೀರಾ ಕೆಳಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಮಂಡಿ ನೋವು ಅನ್ನುತ್ತಾರೆ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಬೇಕಾದಷ್ಟೇ ಬಾಗುತ್ತದೆ. ಗೇರು ಹಗುರವಾಗಿಟ್ಟುಕೊಂಡು ಬೇಗ ಬೇಗ ತುಳಿಯಿರಿ, ಭಾರದ ಗೇರಿನಲ್ಲಿ ಹೆಣಗಬೇಡಿ.

ಸೈಕಲ್ಲೇ ಬಾರದವರಿಗೆ. ನಮ್ಮ ಗುಂಪಿಗೆ ಈಗ ಐದನೆಯವರು ಸೇರುತ್ತಿದ್ದಾರೆ. ಅವರಿಗೆ 54 ವರ್ಷ, ಇಲ್ಲೇ ಕೂತಿದ್ದಾರೆ, ಹೆಸರು ಹೇಳಕೂಡದು ಅಂತ ಬೆಳಿಗ್ಗೆಯೇ ಆಣೆ ಹಾಕಿಸಿದ್ದಾರೆ. ಹೋದ ವರ್ಷ ಅವರ ಯಜಮಾನರು ತೀರಿಕೊಂಡರು. ಎಲ್ಲಿಗೆ ಹೋಗಬೇಕಾದರೂ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದವರು, ಆರು ತಿಂಗಳು ಹೊರಗೇ ಬರಲಿಲ್ಲ. ಒಂದು ದಿನ ಅವರೇ ಫೋನ್ ಮಾಡಿ, "ನನಗೆ ಕಲಿಸ್ತೀಯೇನಮ್ಮಾ, ನಗಬಾರದು" ಅಂದರು. ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಶುರುಮಾಡಿದೆವು. ಹಿಂದಿನಿಂದ ಸೀಟು ಹಿಡಿದುಕೊಂಡು ಓಡುವ ನಮ್ಮ ಹಳೆಯ ಪದ್ಧತಿ ದೊಡ್ಡವರಿಗೆ ಸರಿಹೋಗುವುದಿಲ್ಲ. ಎರಡೂ ಪೆಡಲ್ ಬಿಚ್ಚಿಬಿಡಿ, ಸೀಟು ಪೂರ್ತಿ ಇಳಿಸಿ, ಎರಡೂ ಪಾದ ನೆಲಕ್ಕೆ ತಾಗಬೇಕು. ಕಾಲಿನಿಂದ ನೆಲ ಒದ್ದುಕೊಂಡು ಜಾರುತ್ತ ಹೋಗುವುದು, ಅಷ್ಟೇ. ಬ್ಯಾಲೆನ್ಸ್ ಬಂದ ಮೇಲೆ ಪೆಡಲ್ ಹಾಕುವುದು. ಬಿಚ್ಚುವಾಗ ಒಂದು ಗುಟ್ಟು: ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ, ಅದನ್ನು ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ನಮ್ಮ ವಾಚ್‌ಮನ್ ಅದನ್ನು ಎಡಕ್ಕೆ ತಿರುಗಿಸಿ ಅರ್ಧ ತಾಸು ಬೆವರು ಸುರಿಸಿದ.

ಮೂರನೇ ವಾರ ಅವರು ಎರಡು ಕಂಬಗಳ ನಡುವೆ ಕಾಲು ಎತ್ತಿ ಜಾರಿದರು. ಆರನೇ ವಾರ ಪೆಡಲ್ ಹಾಕಿದೆವು. ಈಗ ನೇರ ಹೋಗುತ್ತಾರೆ, ಎಡಕ್ಕೆ ತಿರುಗುತ್ತಾರೆ. ಬಲಕ್ಕೆ ತಿರುಗಲು ಇನ್ನೂ ಭಯ. ಆ ದಾರಿಯಲ್ಲಿ ಬಲಕ್ಕೆ ತಿರುಗುವ ಕೆಲಸವೇ ಕಡಿಮೆ ಅಂತ ನಾನು ಹೇಳಿದ್ದೇನೆ.

ಅವರ ಮೊದಲ ಸವಾರಿ ಮುಂದಿನ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಆರಕ್ಕೆ ನರಸಿಂಗಿ ಕಡೆಯ ಪ್ರವೇಶದ ಹತ್ತಿರ ಸೇರುತ್ತೇವೆ. ಐದು ಕಿಲೋಮೀಟರ್ ಹೋಗಿ, ಐದು ಬಂದು, ಶೇಂಗಾ ಚಿಕ್ಕಿ, ನಿಂಬೆ ಶರಬತ್ತು. ನನ್ನ ಹತ್ತಿರ ಎರಡು ಹೆಲ್ಮೆಟ್, ಒಂದು ಸೈಕಲ್ ಹೆಚ್ಚಿಗೆ ಇವೆ. ಬಾಗಿಲ ಹತ್ತಿರದ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇನೆ, ಬರುವವರು ಊಟಕ್ಕೆ ಹೋಗುವಾಗ ಹೆಸರು ಬರೆಯಿರಿ. ವಯಸ್ಸು ಬರೆಯಬೇಕಾಗಿಲ್ಲ. ಎತ್ತರ ಮಾತ್ರ ಸರಿಯಾಗಿ ಬರೆಯಿರಿ, ಸೀಟು ಹೊಂದಿಸಬೇಕು.